ಬೆಳಕಿಂಡಿಯ ಜೇನುಪೆಟ್ಟಿಗೆ

ಕಳೆದ ವಾರ ಶಹಾಪುರದ ಬಸ್ ನಿಲ್ದಾಣದ ಮುಂದೆ ನನ್ನ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಎಪ್ಪತ್ತು ದಾಟಿದ ಮುದುಕಿ ಬರಿಗಾಲಲ್ಲಿ ನಡೆದರೆ ಯಾರೇನು ಅಂದಾರು ಎಂದುಕೊಂಡೆ, ಆದರೆ ಡಾಂಬರು ಕಾದು ಹೆಂಚಾಗಿತ್ತು. ಚಪ್ಪಲಿ ಹೊಲಿಯುವವನ ಕೊಡೆಯ ನೆರಳಲ್ಲಿ ಕೂತೆ. ಆತ ದಾರ ತೆಗೆದು ಒಂದು ಕರೀ ಮೇಣದ ಉಂಡೆಯ ಮೇಲೆ ಎರಡು ಸಲ ಎಳೆದ. ಬಿಸಿಲಿಗೆ ಮೆತ್ತಗಾಗಿದ್ದ ಆ ಮೇಣದ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಬಲಗೈ ತಾನಾಗಿಯೇ ಹೋಗಿ ಪಕ್ಕದ ಗೋಡೆಯ ಮೇಲೆ ಅಂಗೈ ಊರಿತು.

"ಯಾಕಮ್ಮಾ, ತಲಿ ತಿರಗಾಕತ್ತೈತೇನ?" ಎಂದ.

"ಇಲ್ಲಪ್ಪಾ. ನೀ ಹೊಲಿ" ಅಂದೆ.

ತಲೆ ತಿರುಗಿರಲಿಲ್ಲ. ಬೋನಾಳದ ಮನೆಯ ಒಳಖೋಲಿಗೆ ಹೋಗಿ ಬಂದಿದ್ದೆ, ಅಷ್ಟೇ. ಅಲ್ಲಿಂದ ಬಂದು ಅರ್ಧ ಶತಮಾನದ ಮೇಲಾಯಿತು, ಆದರೂ ಆ ಖೋಲಿ ನನ್ನನ್ನು ಪೂರ್ತಿ ಬಿಟ್ಟಿಲ್ಲ.

ನಾನು ಮದುವೆಯಾಗಿ ಬೋನಾಳಕ್ಕೆ ಬಂದದ್ದು ನಿಜಾಮನ ರಾಜ್ಯ ಮುಗಿಯುವುದಕ್ಕೆ ಒಂದು ವರ್ಷ ಮೊದಲು. ಆಗ ನನಗೆ ಹದಿನಾರೋ ಹದಿನೇಳೋ, ಬರೆದಿಟ್ಟವರಾರು? ಮನೆಯಲ್ಲಿ ಇದ್ದವರು ಮೂವರೇ. ಗಂಡ ಮಲ್ಲಪ್ಪ, ಅತ್ತೆ ಸಂಗವ್ವ, ನಾನು. ಗಂಡನ ಹೆಸರು ಹೇಳಬಾರದು ಎಂದು ಆಗ ಕಟ್ಟುಪಾಡಿತ್ತು, ಈಗ ಹೇಳುತ್ತೇನೆ, ಕೇಳುವವರು ಯಾರೂ ಉಳಿದಿಲ್ಲ. ಒಂದಿಷ್ಟು ಕುರಿ, ಮಳೆ ಬಿದ್ದರೆ ಸಜ್ಜೆ ಜೋಳ ಬೆಳೆಯುವ ಹೊಲ. ಮಲ್ಲಪ್ಪನಿಗೆ ಕುರಿಗಿಂತ ಹೊಲಕ್ಕಿಂತ ಜೇನುಹುಳದ ಹುಚ್ಚು. ಕೆರೆಯ ದಂಡೆಯ ಹಾಳುಗೋಡೆಯಲ್ಲಿ ಗೂಡು ಕಟ್ಟಿದ್ದ ತುಡುವೆ ಹುಳಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದು ಮನೆಯಲ್ಲೇ ಸಾಕಿದ್ದ. ಅವಕ್ಕೆ ಪೆಟ್ಟಿಗೆ ಮಾಡಿಕೊಟ್ಟವನು ನಮ್ಮ ಹಿತ್ತಲಗೋಡೆಯ ಆಚೆ ಮನೆಯ ಬಡಿಗೇರ ಇಮಾಮಸಾಬ. ಮುರಿದ ಸಾಗವಾನಿ ಬಾಗಿಲೊಂದರ ಹಲಗೆ ಕೊಯ್ದು ಮಾಡಿದ ಪೆಟ್ಟಿಗೆ ಅದು.

ಹಿತ್ತಲಲ್ಲಿ ಇಟ್ಟರೆ ಇರುವೆ ಕಾಟ ಎಂದು ಮಲ್ಲಪ್ಪ ಅದನ್ನು ಒಳಖೋಲಿಯ ಬೆಳಕಿಂಡಿಯಲ್ಲಿ ಕೂರಿಸಿದ್ದ. ಹುಳ ಹೋಗಿಬರುವ ಬಾಯಿ ಹಿತ್ತಲಿನ ಕಡೆಗೆ, ಬೆನ್ನು ಖೋಲಿಯ ಒಳಗೆ. ಬೆನ್ನಿನ ಹಲಗೆ ಎತ್ತಿದರೆ ಸಾಕು, ತುಪ್ಪ ಕೈಗೇ ಸಿಗುತ್ತಿತ್ತು. ಜೇನುತುಪ್ಪಕ್ಕೆ ಆತ ಬರೀ ತುಪ್ಪ ಅನ್ನುತ್ತಿದ್ದ. ಎಮ್ಮೆ ಇಲ್ಲದ ಮನೆಯಲ್ಲಿ ತುಪ್ಪದ ಗತ್ತು ನೋಡಿ ಎಂದು ಅತ್ತೆ ನಗುತ್ತಿದ್ದಳು.

ಮೊದಲ ದಿನವೇ ನನ್ನ ಕೈ ಹಿಡಿದು ಆ ಹಲಗೆಯ ಮೇಲೆ ಇಟ್ಟಿದ್ದ. "ಬೆಚ್ಚಗೈತಿಲ್ಲ? ಹುಳ ಬದುಕಿದ್ರ ಪೆಟ್ಟಿಗಿ ಬೆಚ್ಚಗಿರತೈತಿ. ಮಳಿ ಇರಲಿ, ಥಂಡಿ ಇರಲಿ."

ಹೊಸ ಹೆಂಡತಿಗೆ ಸೀರೆ ತೋರಿಸುವವರಿದ್ದಾರೆ, ಬಳೆ ತೋರಿಸುವವರಿದ್ದಾರೆ. ನನ್ನ ಪಾಲಿಗೆ ಇವನು ಬಂದಿದ್ದ. ನಾನು ನಕ್ಕೆ. ಆತನಿಗೆ ಅದು ಬಹಳ ಸೇರಿತು.

ಮರುವರ್ಷದ ಬೇಸಿಗೆಗೆ ಊರು ಕೆಟ್ಟಿತು. ಬಂದೂಕು ಹಿಡಿದವರು ಹಳ್ಳಿ ಹಳ್ಳಿ ಹೊಕ್ಕು ಸುಲಿಯುತ್ತಾರೆ, ಹರೆಯದ ಗಂಡಸರನ್ನು ಎಳೆದೊಯ್ಯುತ್ತಾರೆ ಎಂಬ ಸುದ್ದಿ. ವಯಸ್ಸಿನ ಗಂಡಸರೆಲ್ಲ ಗಡಿ ದಾಟಿ ಮುಂಬೈ ಸರಕಾರದ ಸೀಮೆಯ ಕ್ಯಾಂಪುಗಳಿಗೆ ಹೋಗತೊಡಗಿದರು. ಮಲ್ಲಪ್ಪನೂ ಹೊರಟ. ಹೊರಡುವಾಗ ಅಳುತ್ತಿದ್ದ ತಾಯಿಗೆ ಪೆಟ್ಟಿಗೆ ತೋರಿಸಿ, "ಯವ್ವಾ, ಈ ಹುಳ ಇರೋತನಕ ನಾ ಮನ್ಯಾಗ ಇದ್ದಂಗ ತಿಳಕೋ" ಅಂದ. ಸಮಾಧಾನಕ್ಕೆ ಅಂದ ಮಾತು. ಅತ್ತೆ ಅದನ್ನು ಗಂಟುಹಾಕಿ ಇಟ್ಟುಕೊಂಡಳು. ಅವಳ ಒಂದು ಕಣ್ಣಿಗೆ ಪೊರೆ ಬಂದಿತ್ತು, ಇನ್ನೊಂದು ಮಬ್ಬು. ಹುಳ ಹಾರುವುದು ಅವಳಿಗೆ ಕಾಣುತ್ತಿರಲಿಲ್ಲ. ದಿನಾ ಬೆಳಗ್ಗೆ ಎದ್ದವಳೇ ಹಲಗೆಯ ಮೇಲೆ ಅಂಗೈ ಇಡುವಳು, ನನ್ನನ್ನು ಕೇಳುವಳು.

"ಅದಾವೇನ?"

"ಅದಾವ್ರಿ."

ಆಮೇಲೆ ಮುಖ ತೊಳೆದು ವಿಭೂತಿ ಹಚ್ಚಿಕೊಳ್ಳುವಳು.

ಆಷಾಢದಲ್ಲಿ ಒಂದು ಮಧ್ಯಾಹ್ನ, ಕಕ್ಕೇರಾ ಕಡೆಯಿಂದ ಬಂದೂಕಿನವರು ಬರುತ್ತಿದ್ದಾರೆ ಎಂದು ಕುರಿ ಕಾಯುವವರು ಓಡಿಬಂದು ಹೇಳಿದರು. ಹರೆಯದ ಸೊಸೆಯನ್ನು ಎಲ್ಲಿ ಬಚ್ಚಿಡುವುದು? ಒಳಖೋಲಿಯಲ್ಲಿ ನನ್ನನ್ನು ಕೂಡಿಹಾಕಿ, ಬಾಗಿಲಿಗೆ ಜೋಳದ ಚೀಲ ಒಟ್ಟಿ, ಅಲ್ಲಿ ಖೋಲಿಯೇ ಇಲ್ಲ ಅನ್ನುವ ಹಾಗೆ ಮಾಡಬೇಕೆಂದು ಅತ್ತೆ ಯೋಚಿಸಿದಳು. ಉಳಿದದ್ದು ಬೆಳಕಿಂಡಿ.

"ಕಿಂಡಿ ಮುಚ್ಚು. ಹಿತ್ತಲದಿಂದ ನೋಡಿದ್ರ ಒಳಗೊಂದ ಖೋಲಿ ಐತಿ ಅಂತ ಗೊತ್ತಾಗತೈತಿ."

"ಹುಳ ಉಸರ ಕಟ್ಟತಾವ್ರಿ ಅತ್ತಿ."

"ಎರಡ ದಿನಾ ಅಷ್ಟ. ಅವರು ಹೋದಿಂದ ತಗಿಯೂಣು."

ಮಣ್ಣು ಕಲಸಿದವಳು ನಾನು. ಸಂಜೆ ಹುಳಗಳೆಲ್ಲ ಒಳಗೆ ಸೇರುವ ತನಕ ಕಾದು, ಪೆಟ್ಟಿಗೆಯ ಬಾಯಿಗೆ ಕಲ್ಲು ಕೊಟ್ಟು, ಮೇಲೆ ಮಣ್ಣು ಬಳಿದು, ಗೋಡೆಯ ಜೊತೆ ಸಮ ಮಾಡಿದವಳೂ ನಾನೇ. ಕೈ ಚೊಕ್ಕ ಇತ್ತು ನನ್ನದು. ಎಲ್ಲೂ ಒಂದು ಬಿರುಕು ಉಳಿಯದ ಹಾಗೆ ಬಳಿದಿದ್ದೆ.

ಇಂದು ಬಂದಾರು, ನಾಳೆ ಬಂದಾರು ಎಂಬ ಹೆದರಿಕೆಗೆ ಎರಡು ದಿನ ಅಂದದ್ದು ಹನ್ನೆರಡು ದಿನವಾಯಿತು. ಆ ಖೋಲಿಯಲ್ಲಿ ನಾಲ್ಕು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲ. ಚೀಲಗಳ ಸಂದಿಯಿಂದ ಅತ್ತೆ ರೊಟ್ಟಿ, ನೀರು ಕೊಡುತ್ತಿದ್ದಳು. ಮೊದಲ ದಿನ ಪೆಟ್ಟಿಗೆ ಬೊಬ್ಬೆ ಹೊಡೆಯಿತು. ಹಲಗೆ ಮುಟ್ಟಿದರೆ ಸುಡುವಷ್ಟು ಬಿಸಿ. ಎರಡನೆಯ ದಿನ ಆ ಸದ್ದು ಇಳಿಯಿತು. ಮೂರನೆಯ ದಿನ ಕಿವಿ ಹಚ್ಚಿದರೆ ಮಾತ್ರ ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ.

ಇಲ್ಲಿ ಒಂದು ಮಾತು ಮುಚ್ಚಿಡದೆ ಹೇಳಬೇಕು. ಬೆನ್ನಿನ ಹಲಗೆ ನನ್ನ ಕೈಯಳತೆಯಲ್ಲೇ ಇತ್ತು. ಎತ್ತಿದ್ದರೆ ಹುಳಗಳು ಖೋಲಿಗೆ ಬರುತ್ತಿದ್ದವು, ಬದುಕುತ್ತಿದ್ದವು. ಓಡಲು ದಾರಿ ಇಲ್ಲದ ಖೋಲಿಯಲ್ಲಿ ಅವು ನನ್ನನ್ನು ಕಡಿಯುತ್ತಿದ್ದವು, ನಾನು ಕೂಗುತ್ತಿದ್ದೆ, ಕೂಗಿದರೆ ಹೊರಗೆ ಕೇಳುತ್ತಿತ್ತು. ಮೂರು ದಿನ ಹಲಗೆಯ ಮೇಲೆ ಕೈ ಇಟ್ಟೆ, ಮೂರು ದಿನವೂ ತೆಗೆದೆ. ನನ್ನ ಜೀವಕ್ಕೆ ಅಂಜಿ ಅವನ್ನು ಕೊಂದೆ. ಇನ್ನು ಬಂದೂಕಿನವರೋ, ಬೀದಿಯಲ್ಲಿ ಸಿಕ್ಕ ಕುರಿ ಹೊಡೆದುಕೊಂಡು ಹಾಗೇ ಹೋಗಿಬಿಟ್ಟಿದ್ದರು. ಹಿತ್ತಲಿಗೆ ಯಾರೂ ಕಾಲಿಡಲೇ ಇಲ್ಲ.

"ಹುಳ ಹೆಂಗದಾವ?" ಎಂದು ನಾಲ್ಕನೆಯ ದಿನ ಅತ್ತೆ ಚೀಲದ ಸಂದಿಯಿಂದ ಕೇಳಿದಳು.

"ಅದಾವ್ರಿ" ಅಂದುಬಿಟ್ಟೆ.

ಒಮ್ಮೆ ಅಂದಮೇಲೆ ಮುಗಿಯಿತು. ಹೊರಗೆ ಬಂದಮೇಲೂ ಅದನ್ನೇ ಅನ್ನಬೇಕಾಯಿತು. ಕಿಂಡಿಯ ಮಣ್ಣು ಕಿತ್ತೆ, ಒಂದು ಹುಳವೂ ಹೊರಗೆ ಬರಲಿಲ್ಲ. ಅತ್ತೆ ಎಂದಿನಂತೆ ಅಂಗೈ ಇಟ್ಟು ಕೇಳುವಳು, ನಾನು ಅದಾವ್ರಿ ಅನ್ನುವೆ. ಹೊಲದ ಕೆಲಸಕ್ಕೆ ದಡ್ಡುಗಟ್ಟಿದ ಕೈ, ಅದಕ್ಕೇನು ತಿಳಿದೀತು ಎಂದು ನನ್ನ ಲೆಕ್ಕ.

ಭಾದ್ರಪದದಲ್ಲಿ ಸುರಪುರದ ದಾರಿಯ ಮೇಲೆ ಮಿಲಿಟರಿ ಲಾರಿಗಳು ಬಂದವು. ನಿಜಾಮನ ರಾಜ್ಯ ಮುಗಿಯಿತು ಅಂದರು. ಗಡಿಯಾಚೆ ಹೋದ ಗಂಡಸರು ಒಬ್ಬೊಬ್ಬರಾಗಿ ತಿರುಗಿ ಬಂದರು. ಮಲ್ಲಪ್ಪ ಬರಲಿಲ್ಲ. ಕ್ಯಾಂಪಿನಲ್ಲಿ ಜ್ವರ ಬಂದು ಮಲಗಿದ್ದ ಎಂದು ಒಬ್ಬ, ಸೋಲಾಪುರದ ಗಿರಣಿಗೆ ಹೋದ ಎಂದು ಇನ್ನೊಬ್ಬ. ಯುಗಾದಿ ತನಕ ನೋಡೋಣ, ಬರದಿದ್ದರೆ ಹುಡುಗಿಯ ಬಳೆ ತೆಗೆಸಬೇಕಾಗುತ್ತದೆ ಎಂದು ಊರ ಹಿರಿಯರು ಅಂದರು. ಅತ್ತೆ ಅವರ ಮುಂದೆ ನಿಂತು, "ನನ್ನ ಮಗನ ಹುಳ ಅದಾವ. ಅಂವಾ ಅದಾನ. ಬಳಿ ಮಾತ ಎತ್ತಬ್ಯಾಡ್ರಿ" ಅಂದಳು. ಬಾಗಿಲ ಹಿಂದೆ ನಿಂತು ನಾನು ಕೇಳುತ್ತಿದ್ದೆ. ನನ್ನ ಮುತ್ತೈದೆತನ ಒಂದು ಸತ್ತ ಪೆಟ್ಟಿಗೆಯ ಮೇಲೆ ನಿಂತಿತ್ತು. ಅದು ಸತ್ತಿದೆ ಎಂದು ತಿಳಿದ ದಿನ ಅತ್ತೆಯ ಮಗ ಸಾಯುತ್ತಾನೆ, ನನ್ನ ಬಳೆ ಒಡೆಯುತ್ತಾರೆ, ಕೊಂದವಳು ಯಾರು ಎಂದೂ ಗೊತ್ತಾಗುತ್ತದೆ.

ಸಜ್ಜೆ ಕೊಯ್ಲಿಗೆ ಬಂತು. ದಾರಿಯಲ್ಲಿ ಯಾರ್ಯಾರೋ ಓಡಾಡುತ್ತಾರೆ ಎಂದು ಅತ್ತೆ ನನ್ನನ್ನು ಹೊಲಕ್ಕೆ ಕರೆಯಲಿಲ್ಲ. ಹೊರಗಿನಿಂದ ಬಾಗಿಲಿಗೆ ಸರಪಳಿ ಹಾಕಿ ಕೀಲಿ ಜಡಿದು, ತಾನೇ ಆ ಮಬ್ಬುಗಣ್ಣಿನಲ್ಲಿ ತೆನೆ ಮುರಿಯಲು ಹೋಗುತ್ತಿದ್ದಳು. ಮೊದಲು ಹನ್ನೆರಡು ದಿನ ಖೋಲಿಯ ಸೆರೆ, ಈಗ ಮನೆಯ ಸೆರೆ. ಮನೆ ಖೋಲಿಗಿಂತ ದೊಡ್ಡದು ಎಂಬುದೊಂದೇ ಸುಖ. ಗುಬ್ಬಿಯೊಂದು ಹಿತ್ತಲಲ್ಲಿ ಇಳಿದು ಹಾರಿಹೋದರೆ ನನಗೆ ಸಿಟ್ಟು ಬರುತ್ತಿತ್ತು.

ಒಂದು ದಿನ ಪೆಟ್ಟಿಗೆಯ ಸಂದಿಯಿಂದ ಬೂದಿ ಬಣ್ಣದ ಪತಂಗ ಹೊರಬಂತು. ಮೇಣ ತಿನ್ನುವ ಹುಳು ಹೊಕ್ಕಿದೆ ಎಂದು ತಿಳಿಯಿತು. ಅತ್ತೆ ಹೊಲಕ್ಕೆ ಹೋದದ್ದೇ ಬೆನ್ನಿನ ಹಲಗೆ ಎತ್ತಿದೆ. ಜೇನುಹುಟ್ಟಿನ ತುಂಬ ಬಿಳೀ ಬಲೆ, ಅದರೊಳಗೆ ದಪ್ಪ ದಪ್ಪ ಹುಳು. ತಳದಲ್ಲಿ ಸತ್ತ ಜೇನು ಸಜ್ಜೆಯ ಹೊಟ್ಟಿನಂತೆ ಗುಡ್ಡೆ ಬಿದ್ದಿದ್ದವು. ಹೆಚ್ಚಿನವು ಬಾಯಿಯ ಹತ್ತಿರವೇ, ನಾನು ಕಲ್ಲು ಕೊಟ್ಟಿದ್ದ ಕಡೆಗೇ ಒತ್ತಿಕೊಂಡು ಸತ್ತಿದ್ದವು. ಅವನ್ನು ನೋಡುತ್ತಾ ಎಷ್ಟು ಹೊತ್ತು ಕೂತಿದ್ದೆನೋ. ಅತ್ತೆಗಾಗಿ ಅತ್ತೆನೋ, ಮಲ್ಲಪ್ಪನಿಗಾಗಿ ಅತ್ತೆನೋ, ಅತ್ತದ್ದು ಮಾತ್ರ ನಿಜ.

ಆಮೇಲೆ ಎದ್ದೆ. ಈ ಪೆಟ್ಟಿಗೆಗೆ ಮತ್ತೆ ಹುಳ ತರಬೇಕು, ಬೇರೆ ದಾರಿಯಿಲ್ಲ. ಕುಡುಗೋಲಿನಿಂದ ಹುಟ್ಟು ಕೆರೆದು ತೆಗೆದೆ. ಬಲೆ ಹಿಡಿದದ್ದನ್ನು ಒಲೆಗೆ ಹಾಕಿದೆ. ಚೊಕ್ಕ ಉಳಿದ ಒಂದು ತುಂಡು ಮೇಣ ಕರಗಿಸಿ ಉಂಡೆ ಕಟ್ಟಿದೆ, ಕೌದಿ ಹೊಲಿಯುವ ದಾರಕ್ಕೆ ಬೇಕಾಗುತ್ತದೆ. ಸತ್ತ ಹುಳಗಳನ್ನು ಮೊರದಲ್ಲಿ ತುಂಬಿ ನಿಂಬೆಗಿಡದ ಬುಡಕ್ಕೆ ಮಣ್ಣು ಮಾಡಿದೆ. ಇನ್ನು ಸಾವಾದ ಮನೆಯನ್ನು ಏನು ಮಾಡುತ್ತಾರೆ? ನೀರು ಹೊಡೆದು ತೊಳೆದು, ಸೆಗಣಿ ಸಾರಿಸಿ, ಸುಣ್ಣ ಹಚ್ಚುತ್ತಾರೆ. ನಾನೂ ಹಾಗೇ ಮಾಡಿದೆ. ಪೆಟ್ಟಿಗೆಯ ಒಳಗೆಲ್ಲ ಸೆಗಣಿ ಸಾರಿಸಿ, ಒಣಗಿದ ಮೇಲೆ ಎರಡು ಸಲ ಸುಣ್ಣ ಬಳಿದೆ. ಹಬ್ಬದ ಮನೆಯ ಹಾಗೆ ಬೆಳ್ಳಗೆ ಹೊಳೆಯಿತು. ಬಾಯಿಯ ಮುಂದೆ ಒಂದೆಳೆ ರಂಗೋಲಿಯನ್ನೂ ಎಳೆದಿದ್ದೆ ಅಂದರೆ ನನ್ನ ಬುದ್ಧಿವಂತಿಕೆ ಎಷ್ಟು ನೋಡಿ.

ಹದಿನೈದು ದಿನ ಕಾದೆ. ಹಿತ್ತಲಿನ ಆಚೆ ಹೊಲದಲ್ಲಿ ಗುರೆಳ್ಳು ಹಳದಿ ಹೂ ಬಿಟ್ಟಿತ್ತು, ಅಲ್ಲಿ ಜೇನು ಗಿಜಿಗುಡುತ್ತಿದ್ದವು. ಒಂದೆರಡು ಪೆಟ್ಟಿಗೆಯ ಬಾಯಿಯ ತನಕ ಬರುವವು, ಒಳಗೆ ತಲೆ ಹಾಕುವವು, ಹಿಂದಕ್ಕೆ ಹಾರುವವು. ನಾನು ಕೈಮುಗಿದು ನಿಂತಿರುತ್ತಿದ್ದೆ. ಅವು ತಿರುಗಿಯೂ ನೋಡುತ್ತಿರಲಿಲ್ಲ.

ಹಿತ್ತಲಗೋಡೆಯ ಆಚೆ ಇದ್ದವಳು ಇಮಾಮಸಾಬನ ಹೆಂಡತಿ ಮಾಬಮ್ಮ. ನಾನು ಖೋಲಿಯಿಂದ ಹೊರಗೆ ಬಂದೆ, ಮಿಲಿಟರಿ ಬಂದ ಕೆಲವೇ ದಿನಗಳಲ್ಲಿ ಅವರು ಒಳಗೆ ಸೇರಿದ್ದರು. ಬೇರೆ ಊರುಗಳಲ್ಲಿ ಬಂದೂಕಿನವರು ಮಾಡಿದ್ದಕ್ಕೆ ಏನೂ ಮಾಡದ ಮುಸಲ್ಮಾನರ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದ ದಿನಗಳು ಅವು. ಇಮಾಮಸಾಬ ಒಂದು ತಿಂಗಳಿಂದ ಹೊಸ್ತಿಲು ದಾಟಿರಲಿಲ್ಲ. ನಾವಿಬ್ಬರೂ ಹೆಂಗಸರು ಗೋಡೆಯ ಆಚೆ ಈಚೆ ನಿಂತು, ಮುಖ ಕಾಣದೆ ಮಾತಾಡುತ್ತಿದ್ದೆವು. ಅವಳಿಗೆ ಎಲ್ಲ ಹೇಳಿಬಿಟ್ಟೆ. ಹೇಳಲು ನನಗೆ ಇದ್ದವಳು ಅವಳೊಬ್ಬಳೇ.

"ಪೆಟ್ಟಿಗಿ ಹೆಂಗ ಚೊಕ್ಕ ಮಾಡೀದಿ ನಿಂಗಮ್ಮಾ?"

"ಸಾರಿಸಿ ಸುಣ್ಣಾ ಹಚ್ಚೀನಿ ಅಕ್ಕಾ."

ಆಚೆಯಿಂದ ಗಂಡಸಿನ ನಗು ಕೇಳಿತು. ಇಮಾಮಸಾಬ ಅಲ್ಲೇ ಕೂತಿದ್ದನೆಂದು ಕಾಣುತ್ತದೆ. ಆ ಮನೆಯಲ್ಲಿ ನಗು ಕೇಳಿ ಎಷ್ಟೋ ದಿನವಾಗಿತ್ತು.

"ಸುಣ್ಣಾ ಹಚ್ಚೀಯೇನ ತಂಗೀ? ಅವಕ್ಕೇನ ಗೊತ್ತ ನಮ್ಮ ರಿವಾಜ. ಮದಲ ಇದ್ದವುರ ವಾಸನಿ ಇದ್ರನಾ ಹುಳ ಬರೋದು. ನೀ ಅದನ್ನ ಪೂರಾ ತೊಳದ ಹಾಕೀದಿ." ಆಮೇಲೆ ದನಿ ಇಳಿಸಿ ಕೇಳಿದ, "ಬ್ಯಾನಿ ಬಂದ ಸತ್ತಿದ್ರ ಪೆಟ್ಟಿಗಿ ಸುಟ್ಟ ಬಿಡಬೇಕು. ಇವು ಬ್ಯಾನಿಲಿಂದ ಸತ್ತಿಲ್ಲ ಅಲ್ಲಾ?"

"ಇಲ್ರಿ."

ಹೇಗೆ ಸತ್ತವು ಎಂದು ಆತ ಕೇಳಲಿಲ್ಲ. ಅವನ ಮನೆಯ ಬೆಳಕಿಂಡಿಗೂ ಆಗ ಮಣ್ಣು ಮೆತ್ತಿತ್ತು.

ಗೋಡೆಯ ಮೇಲಿನಿಂದ ಮಾಬಮ್ಮ ಉಳಿ ಕೊಟ್ಟಳು. ಗಂಡ ಹೇಳಿದ್ದನ್ನು ಅವಳು ಆಚೆಯಿಂದ ಹೇಳಿದಳು, ನಾನು ಈಚೆ ಮಾಡಿದೆ. ಸುಣ್ಣ, ಸೆಗಣಿ ಎಲ್ಲ ಉಳಿಯಿಂದ ಕೆತ್ತಿ, ಹಲಗೆಯ ಬಣ್ಣ ಕಾಣುವ ತನಕ ಕೆರೆದೆ. ಮೂಲೆಯ ಸಂದಿಗಳಲ್ಲಿ ಪತಂಗದ ಮೊಟ್ಟೆ ಉಳಿದಿರುತ್ತದೆ ಎಂದು ಸೂಜಿಯಿಂದ ಬಗೆದೆ. ಎರಡು ದಿನ ಬಿಸಿಲಿಗೆ ಬಾಯಿ ತೆರೆದು ಇಟ್ಟೆ. ಮೂರನೆಯ ದಿನ ಸಜ್ಜೆ ದಂಟಿನ ಸೂಡಿ ಹೊತ್ತಿಸಿ ಪೆಟ್ಟಿಗೆಯ ಒಳಗೆಲ್ಲ ಉರಿ ಆಡಿಸಿದೆ. ಹಲಗೆ ಹೊತ್ತಬಾರದು, ರೊಟ್ಟಿಯ ಹಾಗೆ ಕೆಂಪಗಾಗಬೇಕು ಎಂದಿದ್ದ. ರೊಟ್ಟಿಯ ಲೆಕ್ಕ ನನಗೆ ಗೊತ್ತಿತ್ತು. ಬಿಸಿ ಇರುವಾಗಲೇ ಆ ಹಳೇ ಮೇಣದ ಉಂಡೆ ತೆಗೆದು ಒಳಗೆಲ್ಲ ತಿಕ್ಕಿದೆ. ಸುಟ್ಟ ಸಾಗವಾನಿ, ಕರಗಿದ ಮೇಣ ಎರಡೂ ಕೂಡಿ ಆ ವಾಸನೆ ಎದ್ದಿತು. ಒಮ್ಮೆಲೇ ಮಲ್ಲಪ್ಪನ ಅಂಗಿಯ ವಾಸನೆ ಅದು ಎಂದು ಗೊತ್ತಾಯಿತು. ತಡೆಯಲಿಲ್ಲ, ಪೆಟ್ಟಿಗೆಯ ಒಳಗೆ ಮುಖ ಇಟ್ಟು ಕೂತೆ.

ಸಂಜೆ ಅತ್ತೆ ಬಂದವಳೇ ಮೂಗು ಏರಿಸಿದಳು. "ಏನ ಸುಟ್ಟೈತಿ?"

"ರೊಟ್ಟಿ ಹೊತ್ತಿತ್ರಿ."

"ಹೌದೇನ" ಅಂದಳು. ಅಷ್ಟೇ.

ದೀಪಾವಳಿ ಆಗಿ ನಾಲ್ಕೈದು ದಿನಕ್ಕೆ, ಬಿಸಿಲು ಏರುವ ಹೊತ್ತಿಗೆ, ಹಿತ್ತಲು ಒಮ್ಮೆಲೇ ಗುಂಯ್ ಎಂದಿತು. ನೋಡಿದರೆ ನಿಂಬೆಗಿಡದ ಮೇಲೆ ಹುಳದ ಮೋಡ. ಅದು ಬೆಳಕಿಂಡಿಯ ಕಡೆಗೆ ಸರಿಯಿತು, ಪೆಟ್ಟಿಗೆಯ ಮುಖಕ್ಕೆ ಮೆತ್ತಿಕೊಂಡಿತು, ನೋಡನೋಡುತ್ತಾ ಒಳಗೆ ಇಳಿಯಿತು. "ಬಂದುವು ಅಕ್ಕಾ" ಎಂದು ಗೋಡೆಗೆ ಹೇಳಿದೆ. ಆಚೆಯಿಂದ ಮಾಬಮ್ಮನ ಅಳು ಕೇಳಿಸಿತು. ಅವಳು ಯಾಕೆ ಅತ್ತಳೋ ನಾನು ಕೇಳಲಿಲ್ಲ.

ಮರುದಿನ ಬೆಳಗ್ಗೆ ಅತ್ತೆ ಎಂದಿನ ಹಾಗೆ ಹಲಗೆಯ ಮೇಲೆ ಅಂಗೈ ಇಟ್ಟಳು. ನಾನು ಉತ್ತರ ಬಾಯಲ್ಲಿ ಇಟ್ಟುಕೊಂಡು ನಿಂತಿದ್ದೆ, ಈ ಸಲ ಖರೆ ಉತ್ತರ. ಅವಳು ಕೇಳಲೇ ಇಲ್ಲ. ಕೈಯನ್ನೂ ತೆಗೆಯಲಿಲ್ಲ. "ಬೆಚ್ಚಗೈತಿ" ಅಂದಳು. "ಆಷಾಢದಿಂದ ತಣ್ಣಗಿತ್ತು."

"ನಿಮಗ ಗೊತ್ತಿತ್ತೇನ್ರಿ?"

"ಕಣ್ಣ ಹೋಗ್ಯಾವ, ಕೈ ಹೋಗಿಲ್ಲ."

"ಮತ್ತ ದಿನಾ ಯಾಕ ಕೇಳತಿದ್ರಿ?"

"ನೀ ಅದಾವ ಅಂತಿದ್ದೆಲ್ಲ, ಅದಕ್ಕ. ನೀ ಅಂದ ದಿನಾ ನನ್ನ ಮಗಾ ಬದಕಿರತಿದ್ದ." ಗೋಡೆಗೆ ಒರಗಿ ಕೂತಳು. "ಕಿಂಡಿ ಮುಚ್ಚು ಅಂದಾಕಿ ನಾನು. ನೀ ಒಬ್ಬಾಕಿನ ಹೊರಬ್ಯಾಡ. ಇವು ಬ್ಯಾರೆ ಹುಳ ಯವ್ವಾ. ಹೋದವು ಹೋದುವು."

ನಾನು ಅವಳ ತೊಡೆಯ ಮೇಲೆ ತಲೆಯಿಟ್ಟೆ. ಆಕೆ ನನ್ನ ಬಳೆಗಳನ್ನು ಒಂದೊಂದಾಗಿ ಎಣಿಸುವ ಹಾಗೆ ಸವರುತ್ತಾ ಕೂತಳು. ಆವತ್ತು ಹೊಲಕ್ಕೆ ಹೋಗುವಾಗ ಬಾಗಿಲಿಗೆ ಸರಪಳಿ ಹಾಕಲಿಲ್ಲ. ತೆರೆದ ಬಾಗಿಲಲ್ಲಿ ನಿಂತೆ, ಹೊಸ್ತಿಲು ದಾಟಲು ಕಾಲು ಬರಲಿಲ್ಲ. ಒಳಗೇ ಇದ್ದು ಇದ್ದು ಕಾಲಿಗೂ ಅದೇ ರೂಢಿಯಾಗಿತ್ತು.

ಯುಗಾದಿಗೆ ಹಿರಿಯರು ಮತ್ತೆ ಕೂಡಿದರು. ಈ ಸಲ ಅತ್ತೆಯೇ ಮೊದಲು ಬಾಯಿ ಬಿಟ್ಟಳು. "ನನ್ನ ಮಗಾ ಬರೂದಿಲ್ಲ. ಈಕಿಗಿ ಉಡಕಿ ಮಾಡ್ರಿ." ಗಂಡ ಇಲ್ಲದವಳನ್ನು ಇನ್ನೊಬ್ಬನಿಗೆ ಸೀರೆ ಉಡಿಸಿ ಕೊಡುವುದು ನಮ್ಮಲ್ಲಿ ಇದ್ದ ಪದ್ಧತಿಯೇ, ಅದಕ್ಕೆ ಉಡಕಿ ಅನ್ನುತ್ತಾರೆ. ಗಂಡ ಬದುಕಿದ್ದಾನೆ ಅನ್ನುವ ತನಕ ಮಾತ್ರ ಅದು ಆಗುವುದಿಲ್ಲ. ನನ್ನ ಆ ಒಂದು ಸುಳ್ಳು ನನಗೇ ಹೊರಗಿನ ಸರಪಳಿ ಆಗಿತ್ತು, ಅದನ್ನು ತೆಗೆದವಳು ಅವಳು. ಬಳೆ ಒಡೆಯಲು ಬಿಡಲಿಲ್ಲ. ಎಣ್ಣೆ ಹಚ್ಚಿ ಒಂದೊಂದನ್ನೇ ಜಾರಿಸಿ, ಇಡಿಯಾಗಿ ತೆಗೆದು, ಬಟ್ಟೆಯಲ್ಲಿ ಕಟ್ಟಿ ತನ್ನ ಸೀರೆಯ ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು. ಶಹಾಪುರದಲ್ಲಿ ಕಚೇರಿಯ ಜವಾನನಾಗಿದ್ದ ದೂರದ ಸಂಬಂಧಿಯೊಬ್ಬನಿಗೆ ಮಾತಾಯಿತು. ಒಳ್ಳೆಯವನೇ. ಆತನ ಜೊತೆ ನಲವತ್ತು ವರ್ಷ ಬಾಳಿದೆ.

ಆದರೆ ಆಗ ನನಗೆ ಹೋಗಲು ಮನಸ್ಸಿರಲಿಲ್ಲ. ಈ ಮಬ್ಬುಗಣ್ಣಿನವಳನ್ನು ಯಾರ ಕೈಗೆ ಒಪ್ಪಿಸಿ ಹೋಗಲಿ? ಹೋಗಬೇಕೆಂಬ ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ, ಹದಿನೆಂಟರ ಹುಡುಗಿ. ಅತ್ತೆಗೆ ಹೇಳಿಬಿಟ್ಟೆ. "ಹುಳ ಮನ್ಯಾಗ ಅದಾವಂದ್ರ ನಿಮಗ ಜೊತಿ ಐತಿ ಅಂತ ಹೋಗತೇನ್ರಿ. ಅವು ಇಲ್ಲಂದ್ರ ನಾನೂ ಹೋಗೂದಿಲ್ಲ." ಮಾಬಮ್ಮ ಗೋಡೆಯ ಆಚೆ ಇದ್ದಾಳೆ, ದಿನಾ ನೋಡಿಕೊಳ್ಳುತ್ತಾಳೆ ಎಂದು ಅತ್ತೆ ಎಷ್ಟು ಹೇಳಿದರೂ ನಾನು ನನ್ನ ಮಾತೇ ಹಿಡಿದೆ.

ಹೊರಡುವ ದಿನ ಬಂದಾಗ ಬಿಸಿಲು ಹಲ್ಲು ಕಚ್ಚಿತ್ತು. ಹೊಲದಲ್ಲಿ ಒಂದು ಹೂವಿಲ್ಲ, ಕೆರೆಯ ನೀರು ನಡುವಿಗೆ ಸರಿದಿತ್ತು. ಅಂಥ ಹೊತ್ತಿನಲ್ಲಿ ತುಡುವೆ ಹುಳ ಗೂಡು ಬಿಟ್ಟು ಹೊರಟುಹೋಗುವುದುಂಟು. ಎರಡು ದಿನದಿಂದ ಪೆಟ್ಟಿಗೆಯ ಬಾಯಲ್ಲಿ ಒಂದು ಹುಳವೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಬೆಳಗಿನ ತಂಪು ಹೊತ್ತಿನಲ್ಲಿ ಬಂಡಿ ಬಾಗಿಲಿಗೆ ಬಂತು. ಮಾಬಮ್ಮ ಬಂಡಿಯ ಹತ್ತಿರ ನನ್ನ ಗಂಟು ಹಿಡಿದು ನಿಂತಿದ್ದಳು. ಇಮಾಮಸಾಬ ಆಗ ಮತ್ತೆ ಹೊರಗೆ ಓಡಾಡತೊಡಗಿದ್ದ, ಬಂಡಿಯ ಕೀಲು ಸರಿ ಮಾಡುತ್ತಿದ್ದ. ನಾನು ಒಳಖೋಲಿಗೆ ಹೋದೆ. ಅತ್ತೆ ಆಗಲೇ ಅಲ್ಲಿದ್ದಳು, ಹಲಗೆಯ ಮೇಲೆ ಅಂಗೈ ಇಟ್ಟು ನಿಂತಿದ್ದಳು.

"ಅದಾವೇನ್ರಿ ಅತ್ತಿ?" ಎಂದು ಕೇಳಿದೆ.

ಅವಳು ಕೈ ತೆಗೆಯಲಿಲ್ಲ. ನನ್ನ ಕಡೆ ಮುಖವನ್ನೂ ತಿರುಗಿಸಲಿಲ್ಲ.

"ಅದಾವ" ಅಂದಳು. "ನೀ ನಡಿ."

ನಾನು ಕೈ ಇಟ್ಟು ನೋಡಲಿಲ್ಲ.